ಕೇಳುವವರ ಸಭೆ: ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್ನಿನ ಊರೂರ ಶಾಖೆಗಳಿಗೆ ಹೋಗುವವರಿಗೊಂದು ಕೈಪಿಡಿ

ಇಂಗ್ಲೆಂಡಿನ ಒಂದು ಸಾಧಾರಣ ಪಟ್ಟಣ. ನಾಲ್ಕು ಗಂಟೆಗೇ ಕತ್ತಲೆ ಕವಿಯುವ ಚಳಿಗಾಲದ ಸಂಜೆ. ಶಾಲೆಯೊಂದರ ಸಭಾಂಗಣದಲ್ಲಿ ಉಪಾಧ್ಯಾಯರು, ತಂದೆತಾಯಿಗಳು, ಊರಿನ ಕೆಲವರು ಹಿರಿಯರು ಸೇರಿ ಕುಳಿತಿದ್ದಾರೆ. ಎದುರಿನ ಮೇಜಿನ ಹಿಂದೆ ಹದಿನೈದರ ಆಸುಪಾಸಿನ ಮೂವರು ವಿದ್ಯಾರ್ಥಿಗಳು. ಅವರಲ್ಲಿ ಒಬ್ಬರು ಭಾಷಣ ಮಾಡತಕ್ಕವರು, ಒಬ್ಬರು ಸಭೆಯನ್ನು ನಡೆಸತಕ್ಕವರು, ಮತ್ತೊಬ್ಬರು ಪ್ರಶ್ನೆ ಹಾಕತಕ್ಕವರು. ತೀರ್ಪುಗಾರರು ಮೂವರನ್ನೂ ತೂಗಿ ನೋಡುತ್ತಾರೆ. ಚೆನ್ನಾಗಿ ನುಡಿದವರಿಗೆ ಎಷ್ಟು ಮರ್ಯಾದೆಯೋ, ಚೆನ್ನಾಗಿ ಕೇಳಿದವರಿಗೂ, ಕೇಳಿಸಿಕೊಂಡು ಸಭೆಯನ್ನು ಸಲಹಿದವರಿಗೂ ಅಷ್ಟೇ ಮರ್ಯಾದೆ. ನಮ್ಮ ಊರುಗಳ ಭಾಷಣಸ್ಪರ್ಧೆಗಳಲ್ಲಿ ಮಗುವೊಂದು ಕಂಠಪಾಠ ಮಾಡಿದುದನ್ನು ಒಪ್ಪಿಸಿ, ಚಪ್ಪಾಳೆ ಪಡೆದು, ವೇದಿಕೆಯಿಂದ ಇಳಿದುಹೋಗುವುದನ್ನೇ ಕಂಡು ಬೆಳೆದ ಕನ್ನಡಿಗನಿಗೆ ಈ ಏರ್ಪಾಡು ಮೊದಲ ನೋಟದಲ್ಲಿ ವಿಚಿತ್ರವೆನಿಸುವುದು ಸಹಜ. ಎರಡನೆಯ ನೋಟದಲ್ಲಿ ಅದು ಎಷ್ಟು ವಿವೇಕದ ಏರ್ಪಾಡೆಂಬುದು ಮನಸ್ಸಿಗೆ ಬರುತ್ತದೆ.

ಇಂಥ ಸಭೆಗಳನ್ನು ನಡೆಸುತ್ತ ಬಂದಿರುವುದು ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್ ಎಂಬ, ಸದಸ್ಯರ ಬಲದಿಂದ ನಿಂತಿರುವ ಒಂದು ಧರ್ಮಾರ್ಥ ಸಂಸ್ಥೆ. ಅದರ ಹೆಸರನ್ನು ಬಲ್ಲವರು ಬಹುಮಂದಿ ಉಂಟು. ಊರೂರಿನ ಅದರ ಶಾಖೆಗಳ ಬಾಗಿಲನ್ನು ತಟ್ಟಿದವರು ಅಷ್ಟು ಮಂದಿ ಇರಲಾರರು. ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಬ್ರಿಟನ್ನಿಗೆ ಹೋಗಿ ನೆಲೆಸಿರುವ ಕನ್ನಡಿಗರಿಗೂ, ಅಲ್ಲಿನ ಶಾಲೆಗಳಲ್ಲಿ ಓದುತ್ತಿರುವ ಅವರ ಮಕ್ಕಳಿಗೂ ಈ ಶಾಖೆಗಳಿಂದ ದೊರೆಯಬಹುದಾದ ಪ್ರಯೋಜನವೇನು, ಅಲ್ಲಿಗೆ ಹೋಗುವ ಬಗೆ ಯಾವುದು, ಹೋದಮೇಲೆ ನಡೆದುಕೊಳ್ಳುವ ಕ್ರಮ ಹೇಗೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಸಂಸ್ಥೆಯ ಹಿನ್ನೆಲೆ

ಮೊದಲನೆಯ ಮಹಾಯುದ್ಧವು ಇನ್ನೂ ಮುಗಿಯದಿದ್ದ 1918ರಲ್ಲಿ ಈವ್ಲಿನ್ ರೆಂಚ್ ಎಂಬ ಪತ್ರಿಕೋದ್ಯಮಿ ಈ ಸಂಸ್ಥೆಯನ್ನು ಸ್ಥಾಪಿಸಿದನು. ಬ್ರಿಟನ್, ಅಮೆರಿಕ ಮುಂತಾದ ಇಂಗ್ಲಿಷ್ ಮಾತನಾಡುವ ದೇಶಗಳ ಜನರ ನಡುವೆ, ಸರ್ಕಾರಗಳ ಒಪ್ಪಂದಗಳನ್ನು ಕಾಯದೆ, ಮನುಷ್ಯ ಮನುಷ್ಯರ ಪರಿಚಯದಿಂದಲೇ ಸ್ನೇಹವನ್ನು ಬೆಳೆಸಬೇಕೆಂಬುದು ಅವನ ಆಶಯವಾಗಿದ್ದಿತು. ವಿನ್‌ಸ್ಟನ್ ಚರ್ಚಿಲ್ 1921ರಿಂದ 1925ರ ವರೆಗೆ ಅದರ ಅಧ್ಯಕ್ಷನಾಗಿದ್ದನು. 1926ರಲ್ಲಿ ಲಂಡನ್ನಿನ ಮೇಫೇರ್ ಭಾಗದ ಚಾರ್ಲ್ಸ್ ಬೀದಿಯಲ್ಲಿನ ಡಾರ್ಟ್‌ಮೌತ್ ಹೌಸ್ ಎಂಬ ಭವ್ಯ ಮಂದಿರವನ್ನು ಸಂಸ್ಥೆ ಕೊಂಡುಕೊಂಡಿತು. 1957ರಲ್ಲಿ ರಾಜಸನ್ನದು ದೊರೆಯಿತು.

ಇದು ಸಾಮ್ರಾಜ್ಯದ ಕಾಲದಲ್ಲಿ ಹುಟ್ಟಿದ ಸಂಸ್ಥೆಯೆಂಬುದನ್ನು ಭಾರತೀಯನಾದವನು ಮರೆಯಬೇಕಾಗಿಲ್ಲ. ಆದರೆ ಕಾಲಕ್ರಮದಲ್ಲಿ ಅದರ ಕಾರ್ಯದ ಕೇಂದ್ರವು ರಾಷ್ಟ್ರಗಳ ಸಖ್ಯದಿಂದ ಮಕ್ಕಳ ಶಿಕ್ಷಣದ ಕಡೆಗೆ, ವಿಶೇಷವಾಗಿ ಮಾತಿನ ಶಿಕ್ಷಣದ ಕಡೆಗೆ ಸರಿದು ಬಂದಿದೆ. ಓದುಬರೆಹದ ಸಾಮರ್ಥ್ಯಕ್ಕೆ ‘ಲಿಟರಸಿ’ ಎಂಬ ಹೆಸರಿರುವಂತೆ ಮಾತನಾಡುವ ಮತ್ತು ಕೇಳುವ ಸಾಮರ್ಥ್ಯಕ್ಕೂ ಒಂದು ಹೆಸರು ಬೇಕೆಂದು ಆಂಡ್ರೂ ವಿಲ್ಕಿನ್ಸನ್ ಎಂಬ ಬ್ರಿಟಿಷ್ ಶಿಕ್ಷಣಜ್ಞನು 1965ರಲ್ಲಿ ‘ಓರಸಿ’ ಎಂಬ ಪದವನ್ನು ಟಂಕಿಸಿದನು. ಆ ಪದದೊಳಗೆ ನುಡಿಯುವುದರ ಜೊತೆಗೆ ಆಲಿಸುವುದೂ ಅಡಕವಾಗಿದೆ ಎಂಬುದು ಗಮನಾರ್ಹ. ಶಾಖೆಗಳ ಕಾರ್ಯಕ್ರಮಗಳನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಸಾಕು.

ಶಾಖೆಯೆಂದರೇನು?

ಲಂಡನ್ನಿನ ಕೇಂದ್ರವು ನಿಯಮಗಳನ್ನು ರೂಪಿಸಿ ರಾಷ್ಟ್ರಮಟ್ಟದ ಅಂತಿಮ ಸುತ್ತುಗಳನ್ನು ನಡೆಸಿದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹರಡಿಕೊಂಡಿರುವ ಶಾಖೆಗಳು ತಮ್ಮ ತಮ್ಮ ಸೀಮೆಯಲ್ಲಿ ಆ ನಿಯಮಗಳಿಗೆ ಜೀವ ತುಂಬುತ್ತವೆ. ಶಾಖೆಯನ್ನು ನಡೆಸುವವರು ವೇತನವಿಲ್ಲದೆ ದುಡಿಯುವ ಸದಸ್ಯರೇ. ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ, ಕೆಲವರು ಸಮಿತಿಯವರು: ನಮ್ಮ ಊರುಗಳ ಸಾಹಿತ್ಯಸಂಘಗಳನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವಲ್ಲ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಜಿಲ್ಲೆಜಿಲ್ಲೆಗೆ ಹಬ್ಬಿದ ಕನ್ನಡ ಸಾಹಿತ್ಯ ಪರಿಷತ್ತೂ ಇಂಥ ಸದಸ್ಯಬಲದಿಂದಲೇ ಬೆಳೆದವು.

ಶಾಖೆಯೊಂದರ ವರ್ಷದ ಕಾರ್ಯಕ್ರಮಗಳು ಸ್ಥೂಲವಾಗಿ ಮೂರು ಬಗೆಯವು. ಸದಸ್ಯರ ಪರಸ್ಪರ ಪರಿಚಯಕ್ಕಾಗಿ ನಡೆಯುವ ಭೋಜನಕೂಟಗಳು, ಆಹ್ವಾನಿತ ವಿದ್ವಾಂಸರ ಉಪನ್ಯಾಸಗಳು, ಸಂಗೀತಸಂಜೆಗಳು, ಐತಿಹಾಸಿಕ ಸ್ಥಳಗಳ ಸಂದರ್ಶನಗಳು ಮೊದಲನೆಯವು. ಶಾಲಾಮಕ್ಕಳ ಭಾಷಣಸ್ಪರ್ಧೆ, ಚರ್ಚಾಸ್ಪರ್ಧೆ, ಶೇಕ್ಸ್‌ಪಿಯರನ ನಾಟಕಭಾಗಗಳ ಅಭಿನಯಸ್ಪರ್ಧೆ ಮುಂತಾದವು ಎರಡನೆಯವು. ಮೂರನೆಯವು ವಿದ್ಯಾರ್ಥಿಗಳ ಮತ್ತು ಉಪಾಧ್ಯಾಯರ ಸಹಾಯಾರ್ಥ ಹಣ ಕೂಡಿಸುವ ಕಾರ್ಯಕ್ರಮಗಳು. ಉದಾಹರಣೆಗೆ, ಮೊದಲನೆಯ ಮಹಾಯುದ್ಧಕಾಲದಲ್ಲಿ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ವಾಲ್ಟರ್ ಹೈನ್ಸ್ ಪೇಜ್ ಎಂಬವನ ಹೆಸರಿನಲ್ಲಿ, ಬ್ರಿಟಿಷ್ ಉಪಾಧ್ಯಾಯರು ಅಮೆರಿಕಕ್ಕೆ ಹೋಗಿ ಅಲ್ಲಿನ ಶಿಕ್ಷಣಕ್ರಮವನ್ನು ಕಂಡುಬರಲು ನೆರವಾಗುವ ವಿದ್ಯಾರ್ಥಿವೇತನವುಂಟು.

ಭೋಜನಕೂಟ ಮತ್ತು ಸಂದರ್ಶನಗಳ ವಿಷಯದಲ್ಲಿ ಹೆಚ್ಚಾಗಿ ಹೇಳಬೇಕಾದುದಿಲ್ಲ. ಹೊಸ ಊರಿನಲ್ಲಿ ನೆಲೆಸಿದವನಿಗೆ ನಾಲ್ವರು ಸಜ್ಜನರ ಪರಿಚಯವಾಗುವುದೇ ಅವುಗಳ ಫಲ. ವಿವರವಾಗಿ ತಿಳಿಯಬೇಕಾದುದು ಎರಡನೆಯ ಬಗೆಯ ಸಭೆಗಳನ್ನು.

ಮೂವರು ನಡೆಸುವ ಸಭೆ

ಲೇಖನದ ಆರಂಭದಲ್ಲಿ ಹೇಳಿದುದು ಚರ್ಚಿಲ್ಲನ ಹೆಸರಿನ ಭಾಷಣಸ್ಪರ್ಧೆಯ ಚಿತ್ರ. ಶಾಖೆಗಳು ಏರ್ಪಡಿಸುವ ಸ್ಥಳೀಯ ಸುತ್ತಿನಲ್ಲಿ ಗೆದ್ದ ತಂಡವು ಪ್ರಾಂತೀಯ ಸುತ್ತಿಗೂ, ಅಲ್ಲಿ ಗೆದ್ದದ್ದು ರಾಷ್ಟ್ರೀಯ ಅಂತಿಮ ಸುತ್ತಿಗೂ ಹೋಗುತ್ತದೆ. ಒಂದೊಂದು ಶಾಲೆಯ ತಂಡದಲ್ಲಿಯೂ ಮೂವರು: ಸಭಾಧ್ಯಕ್ಷ, ಭಾಷಣಕಾರ, ಪ್ರಶ್ನಕಾರ. ಇದರಲ್ಲಿ ಒಂದು ಸ್ವಾರಸ್ಯವುಂಟು. ಒಂದು ಶಾಲೆಯ ಭಾಷಣಕಾರನ ಸಭೆಯನ್ನು ಅದೇ ಶಾಲೆಯ ಅಧ್ಯಕ್ಷನು ನಡೆಸುವುದಿಲ್ಲ. ಇನ್ನೊಂದು ಶಾಲೆಯ ಅಧ್ಯಕ್ಷನೂ ಪ್ರಶ್ನಕಾರನೂ ಬಂದು ಅವನೊಡನೆ ಕೂಡುತ್ತಾರೆ. ಹೀಗಾಗಿ ಮೂವರೂ ಮೊದಲೇ ಕೂಡಿಕೊಂಡು ಪ್ರಶ್ನೆಗೆ ಪ್ರಶ್ನೆ, ಉತ್ತರಕ್ಕೆ ಉತ್ತರವನ್ನು ಹೆಣೆದಿಟ್ಟುಕೊಳ್ಳುವ ಸಂಭವವೇ ಇಲ್ಲ. ಆ ಕ್ಷಣದಲ್ಲಿ ಆಲಿಸಿದುದರಿಂದ ಮಾತ್ರವೇ ಆ ಕ್ಷಣದ ಪ್ರಶ್ನೆ ಹುಟ್ಟಬೇಕು.

ಅಧ್ಯಕ್ಷನು ವಿಷಯವನ್ನೂ ಭಾಷಣಕಾರನನ್ನೂ ಸಂಕ್ಷೇಪವಾಗಿ ಪರಿಚಯ ಮಾಡಿಸುತ್ತಾನೆ. ಭಾಷಣಕಾರನು ಸುಮಾರು ಐದು ನಿಮಿಷ ಮಾತನಾಡುತ್ತಾನೆ. ಬಳಿಕ ಪ್ರಶ್ನಕಾರನ ಸರದಿ, ಅನಂತರ ಸಭಿಕರ ಪ್ರಶ್ನೆಗಳು, ಕೊನೆಗೆ ಉಪಸಂಹಾರ. ಪ್ರಶ್ನಕಾರನ ಕೆಲಸವನ್ನು ಜನ ಸಾಮಾನ್ಯವಾಗಿ ತಪ್ಪು ತಿಳಿಯುತ್ತಾರೆ. ಭಾಷಣಕಾರನನ್ನು ಬೀಳಿಸುವುದು ಅವನ ಕಾರ್ಯವಲ್ಲ. ಭಾಷಣದಲ್ಲಿ ಮುಚ್ಚಿಕೊಂಡಿದ್ದುದನ್ನು ತೆರೆಯಿಸುವುದು, ಸಡಿಲವಾಗಿದ್ದುದನ್ನು ಬಿಗಿಯಾಗಿಸಲು ಅವಕಾಶ ಕೊಡುವುದು, ಹೇಳಿದ ಮಾತಿನಿಂದ ಹೊರಡಬಹುದಾದ ಮುಂದಿನ ಮಾತನ್ನು ಹೊರಡಿಸುವುದು ಅವನ ಕಾರ್ಯ. ಒಳ್ಳೆಯ ವೈದ್ಯನ ಪ್ರಶ್ನೆಯಿಂದ ರೋಗಿಗೇ ತನ್ನ ನೋವಿನ ನೆಲೆ ತಿಳಿಯುವಂತೆ, ಒಳ್ಳೆಯ ಪ್ರಶ್ನಕಾರನಿಂದ ಭಾಷಣಕಾರನಿಗೇ ತನ್ನ ಅಭಿಪ್ರಾಯದ ನೆಲೆ ತಿಳಿಯುತ್ತದೆ. ಅಧ್ಯಕ್ಷನ ಕೆಲಸವು ಮತ್ತಷ್ಟು ಸೂಕ್ಷ್ಮವಾದುದು. ಕಾಲವನ್ನು ಕಾಯಬೇಕು, ಸಂಕೋಚದ ಸಭಿಕನಿಗೆ ಧೈರ್ಯ ಕೊಡಬೇಕು, ಪ್ರಶ್ನೆಯ ಹೆಸರಿನಲ್ಲಿ ತಾನೇ ಭಾಷಣ ಮಾಡತೊಡಗುವ ಸಭಿಕನನ್ನು ನೋಯಿಸದೆ ನಿಲ್ಲಿಸಬೇಕು. ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಪೀಠದ ಮೇಲೆ ಕುಳಿತ ಅಲ್ಲಮಪ್ರಭುಗಳು ಪ್ರಶ್ನೆಗಳ ಮೂಲಕವೇ ಶರಣರ ಅನುಭಾವವನ್ನು ಒರೆಗೆ ಹಚ್ಚಿದರೆಂಬ ಸಂಪ್ರದಾಯವನ್ನು ಬಲ್ಲ ಕನ್ನಡಿಗನಿಗೆ, ಅಧ್ಯಕ್ಷಪೀಠವೆಂಬುದು ಕೇವಲ ಹಾರ ಹಾಕಿಸಿಕೊಳ್ಳುವ ಸ್ಥಾನವಲ್ಲವೆಂಬುದನ್ನು ಬೇರೆಯವರು ಹೇಳಿಕೊಡಬೇಕಾದ ಅಗತ್ಯವಿಲ್ಲ.

ತೀರ್ಪುಗಾರರು ಈ ಸಂಸ್ಥೆಯ ಸ್ಪರ್ಧೆಗಳಲ್ಲಿ ನಾಲ್ಕು ಗುಣಗಳನ್ನು ನೋಡುತ್ತಾರೆ: ತರ್ಕ ಮತ್ತು ಆಧಾರ, ವಿಷಯದ ಜೋಡಣೆ ಮತ್ತು ಮುಖ್ಯಾಮುಖ್ಯವಿವೇಕ, ಅಭಿವ್ಯಕ್ತಿ ಮತ್ತು ನಿರೂಪಣೆ, ಆಲಿಸುವಿಕೆ ಮತ್ತು ಪ್ರತಿಸ್ಪಂದನ. ಕಂಠಶ್ರೀ, ಹಸ್ತಾಭಿನಯ, ಕಣ್ಣಿನ ನೋಟಗಳೆಲ್ಲ ಮೂರನೆಯ ಗುಣವೊಂದರಲ್ಲೇ ಅಡಗಿಹೋಗುತ್ತವೆಂಬುದನ್ನು ತಂದೆತಾಯಿಗಳು ಗಮನಿಸತಕ್ಕದ್ದು.

ಎರಡು ಪಕ್ಷಗಳ ಚರ್ಚೆ

ಶಾಲೆಗಳ ಮೇಸ್ ಎಂಬ ಚರ್ಚಾಸ್ಪರ್ಧೆ 1957ರಲ್ಲಿ ‘ಅಬ್ಸರ್ವರ್’ ಪತ್ರಿಕೆಯ ಆಶ್ರಯದಲ್ಲಿ ಆರಂಭವಾಯಿತು. 1995ರಿಂದ ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್ ಅದನ್ನು ನಡೆಸುತ್ತ ಬಂದಿದೆ. ಇದರ ಅಣ್ಣನೆನ್ನಬಹುದಾದ ವಿಶ್ವವಿದ್ಯಾನಿಲಯಗಳ ಮೇಸ್‌ಗೆ ಜಾನ್ ಸ್ಮಿತ್‌ನ ಹೆಸರಿದೆ. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿ 1962ರಲ್ಲಿ ಅದನ್ನು ಗೆದ್ದ ಆತನು ಮುಂದೆ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕನಾದನು.

ಇಲ್ಲಿ ಪಕ್ಷಕ್ಕೆ ಇಬ್ಬರಂತೆ ಎರಡು ಪಕ್ಷಗಳು: ಸೂಚನೆಯನ್ನು ಮಂಡಿಸುವವರು, ಅದನ್ನು ವಿರೋಧಿಸುವವರು. ಸೂಚನೆಯು ಪಾರ್ಲಿಮೆಂಟಿನ ಧಾಟಿಯಲ್ಲಿ ‘ಈ ಸಭೆಯ ಅಭಿಪ್ರಾಯವೇನೆಂದರೆ’ ಎಂದು ತೊಡಗುತ್ತದೆ. ಮುಖ್ಯ ಭಾಷಣಕ್ಕೆ ಸಾಮಾನ್ಯವಾಗಿ ಏಳು ನಿಮಿಷ. ಅದರಲ್ಲಿ ಮೊದಲ ಒಂದು ನಿಮಿಷವೂ ಕೊನೆಯ ಒಂದು ನಿಮಿಷವೂ ಭಾಷಣಕಾರನಿಗೆ ಮೀಸಲು. ನಡುವಣ ಐದು ನಿಮಿಷಗಳಲ್ಲಿ ಎದುರುಪಕ್ಷದವನು ಎದ್ದು ನಿಂತು ಒಂದು ಚಿಕ್ಕ ಆಕ್ಷೇಪವನ್ನೋ ಪ್ರಶ್ನೆಯನ್ನೋ ಮುಂದಿಡಲು ಅನುಮತಿ ಕೇಳಬಹುದು. ಅನುಮತಿಯನ್ನು ಕೊಡುವುದೂ ಬಿಡುವುದೂ ಭಾಷಣಕಾರನ ಇಚ್ಛೆ. ಆದರೆ ಒಂದನ್ನೂ ಒಪ್ಪಿಕೊಳ್ಳದವನನ್ನು ತೀರ್ಪುಗಾರರು ಮೆಚ್ಚರು. ನಾಲ್ಕು ಭಾಷಣಗಳಾದ ಮೇಲೆ ಸಭಿಕರಿಗೆ ಮಾತನಾಡುವ ಅವಕಾಶ ಬರುತ್ತದೆ. ಬಳಿಕ ಎರಡು ಪಕ್ಷಗಳೂ, ವಿರೋಧಪಕ್ಷ ಮೊದಲಾಗಿ, ಚರ್ಚೆಯ ಸಾರವನ್ನು ಸಂಗ್ರಹಿಸಿ ಹೇಳುತ್ತವೆ. ಹೊಸದಾಗಿ ಹೋದವರು ಸಭಿಕರ ಈ ಸರದಿಯನ್ನು ಕೈಬಿಡಬಾರದು. ಬಂದವರಿಗೆಲ್ಲ ತೆರೆದಿರುವ ಬಾಗಿಲು ಅದೇ.

ಯಾವ ಪಕ್ಷವನ್ನು ವಹಿಸಬೇಕೆಂಬುದನ್ನು ವಿದ್ಯಾರ್ಥಿಯು ಆರಿಸಿಕೊಳ್ಳುವಂತಿಲ್ಲ; ಅದು ಗೊತ್ತುಮಾಡಿಕೊಟ್ಟದ್ದು. ‘ತಾನು ನಂಬದುದನ್ನು ಮಗುವು ಸಮರ್ಥಿಸಲು ಕಲಿತರೆ ಅದು ಕಪಟದ ಪಾಠವಾಗದೆ?’ ಎಂಬ ಆತಂಕವು ನಮ್ಮ ಹಿರಿಯರಲ್ಲಿ ಹುಟ್ಟುವುದುಂಟು. ಆತಂಕ ಗೌರವಾರ್ಹವಾದುದೇ, ಅದಕ್ಕೆ ಉತ್ತರವನ್ನು ನಮ್ಮ ಕರಾವಳಿ ಮಲೆನಾಡುಗಳ ತಾಳಮದ್ದಳೆಯೇ ಕೊಟ್ಟಿದೆ. ಅಲ್ಲಿ ಅರ್ಥಧಾರಿಯು ಇಂದು ಕರ್ಣನಾಗಿ ಕುಳಿತು ಕೃಷ್ಣನನ್ನು ಪ್ರಶ್ನಿಸುತ್ತಾನೆ, ನಾಳೆ ಕೃಷ್ಣನಾಗಿ ಕುಳಿತು ಕರ್ಣನಿಗೆ ಉತ್ತರಿಸುತ್ತಾನೆ. ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಎದುರಿನವನ ಮಾತನ್ನು ಆಲಿಸಿ ಆಗಲೇ ಹುಟ್ಟಿಸಿದ ಮಾತಷ್ಟೇ ಅವನ ಬಂಡವಾಳ. ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರನ್ನೂ ಮಲ್ಪೆ ರಾಮದಾಸ ಸಾಮಗರನ್ನೂ ರಾತ್ರಿಯಿಡೀ ಕೇಳಿದ ಜನರು ಅದರಿಂದ ಕಪಟವನ್ನು ಕಲಿಯಲಿಲ್ಲ. ಒಂದೇ ಧರ್ಮಸಂಕಟಕ್ಕೆ ಎರಡು ಮುಖಗಳುಂಟೆಂಬುದನ್ನು ಕಲಿತರು.

ನಮ್ಮ ನ್ಯಾಯಶಾಸ್ತ್ರವು ಸಂವಾದವನ್ನು ವಾದ, ಜಲ್ಪ, ವಿತಂಡವೆಂದು ಮೂರಾಗಿ ವಿಂಗಡಿಸಿದೆ. ತತ್ತ್ವವನ್ನು ತಿಳಿಯಲು ನಡೆಯುವುದು ವಾದ. ಗೆಲ್ಲಲು ನಡೆಯುವುದು ಜಲ್ಪ. ತನ್ನದಾದ ಪಕ್ಷವೊಂದನ್ನು ಸ್ಥಾಪಿಸದೆ ಎದುರಿನವನದನ್ನು ಖಂಡಿಸುವುದಷ್ಟೇ ವಿತಂಡ. ಸ್ಪರ್ಧೆಯೆಂಬುದು ಸ್ವರೂಪತಃ ಜಲ್ಪವೇ ಎಂದು ಒಪ್ಪಿಕೊಳ್ಳೋಣ. ಆದರೆ ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಹೇಳಿ ಆಮೇಲೆ ಉತ್ತರಿಸಬೇಕೆಂಬ ಶಿಸ್ತನ್ನು ಕಲಿಸುವ ಜಲ್ಪವು ಮುಂದಿನ ಜೀವನದ ವಾದಕ್ಕೆ ಗರಡಿಯಾಗುತ್ತದೆ. ಶಾಖೆಯ ಚರ್ಚೆಯನ್ನು ನೋಡಲು ಹೋದಾಗ ಇದನ್ನೇ ಅಳತೆಗೋಲಾಗಿ ಹಿಡಿಯಬಹುದು: ಎದುರಿನವನ ಅತ್ಯಂತ ಬಲವಾದ ಮಾತಿಗೆ ಉತ್ತರ ಕೊಟ್ಟವರಾರು, ಅತ್ಯಂತ ದುರ್ಬಲವಾದ ಮಾತನ್ನು ಹುಡುಕಿ ಹೊಡೆದವರಾರು?

ಹೋಗುವ ಮುನ್ನ

ಮೊದಲ ಹೆಜ್ಜೆ ನಿಮಗೆ ಹತ್ತಿರದ ಶಾಖೆ ಯಾವುದೆಂದು ಕೇಂದ್ರಕಚೇರಿಯನ್ನು ವಿಚಾರಿಸುವುದು. ಎಲ್ಲ ಪಟ್ಟಣಗಳಲ್ಲಿಯೂ ಶಾಖೆಗಳಿಲ್ಲ. ಒಂದೊಂದು ಶಾಖೆ ಒಂದು ಇಡೀ ಜಿಲ್ಲೆಯನ್ನು ನೋಡಿಕೊಳ್ಳುವುದೂ ಉಂಟು. ಯಾವ ಧರ್ಮಾರ್ಥ ಸಂಸ್ಥೆಯನ್ನು ಸೇರುವ ಮುನ್ನವೂ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಚಾರಿಟಿ ಕಮಿಷನ್ನಿನ ನೋಂದಣಿಪಟ್ಟಿಯಲ್ಲಿ ಅದರ ಹೆಸರನ್ನು ಹುಡುಕಿ ನೋಡುವುದು ಒಳ್ಳೆಯ ಅಭ್ಯಾಸ; ಟ್ರಸ್ಟಿಗಳಾರು, ಆದಾಯವೆಷ್ಟು, ವೆಚ್ಚವೆಷ್ಟು ಎಂಬುದು ಅಲ್ಲಿ ಯಾರಿಗಾದರೂ ಕಾಣಸಿಗುತ್ತದೆ.

ಶಾಖೆಯ ಕಾರ್ಯದರ್ಶಿಗೆ ಎರಡು ಸಾಲಿನ ಪತ್ರ ಬರೆದು ವರ್ಷದ ಕಾರ್ಯಕ್ರಮಪಟ್ಟಿಯನ್ನು ಕೇಳಿರಿ. ಯಾವ ಸಭೆ ಸದಸ್ಯರಿಗೆ ಮೀಸಲು, ಯಾವುದಕ್ಕೆ ಅತಿಥಿಗಳು ಬರಬಹುದು, ಪ್ರವೇಶಶುಲ್ಕವೆಷ್ಟು ಎಂಬುದನ್ನು ಆಗಲೇ ತಿಳಿದುಕೊಳ್ಳಿರಿ. ಊಟವಿರುವ ಕಾರ್ಯಕ್ರಮಕ್ಕೆ ಹೆಸರನ್ನು ಮುಂಚಿತವಾಗಿ ಕೊಡಬೇಕು. ಸಸ್ಯಾಹಾರಿಗಳು ಅದನ್ನು ಆಗಲೇ ಸ್ಪಷ್ಟವಾಗಿ ತಿಳಿಸಬೇಕು, ಮೀನು ಮೊಟ್ಟೆಗಳ ವಿಷಯವನ್ನೂ ಬಿಡಿಸಿ ಹೇಳಬೇಕು. ಬರುವೆನೆಂದು ಹೆಸರು ಕೊಟ್ಟು ಬಾರದಿರುವುದು ಬೊಕ್ಕಸ ಚಿಕ್ಕದಾದ ಶಾಖೆಗೆ ನಿಜವಾದ ನಷ್ಟವೆಂಬುದನ್ನು ನೆನಪಿಡತಕ್ಕದ್ದು. ಉಡುಪಿನ ನಿಯಮವು ಆಹ್ವಾನಪತ್ರದಲ್ಲಿ ಇಲ್ಲದಿದ್ದರೆ ಅಚ್ಚುಕಟ್ಟಾದ ಯಾವ ಉಡುಪಾದರೂ ಸರಿ. ಸೀರೆಯೂ ಅಷ್ಟೇ ಸಮಂಜಸ.

ಹೋದಮೇಲೆ

ಮೊದಲ ಸಲ ಸ್ಪರ್ಧೆಯ ಸಭೆಗೆ ಹೋಗುವುದೇ ಲೇಸು. ಔತಣದ ಸಭೆಯಲ್ಲಿ ಅಪರಿಚಿತನಿಗೆ ಮಾತಿನ ವಿಷಯವೇ ಸಿಕ್ಕದಿರಬಹುದು. ಸ್ಪರ್ಧೆಯ ಸಭೆಯಲ್ಲಿ ವಿಷಯವು ಎಲ್ಲರ ಎದುರಿಗೇ ಇರುತ್ತದೆ. ಹತ್ತು ನಿಮಿಷ ಮುಂಚೆಯೇ ತಲುಪಿರಿ; ಭಾಷಣದ ನಡುವೆ ಬಾಗಿಲು ತೆರೆದರೆ ವೇದಿಕೆಯ ಮೇಲಿನ ಮಗುವಿನ ಮನಸ್ಸು ಚದರುತ್ತದೆ. ಕೈಯಲ್ಲೊಂದು ಕಾಗದವಿರಲಿ, ಭಾಷಣದ ಮುಖ್ಯ ಮಾತು ಯಾವುದು, ಅದಕ್ಕೆ ಕೊಟ್ಟ ಆಧಾರ ಯಾವುದು ಎಂದು ಎರಡೇ ಸಾಲು ಬರೆದುಕೊಂಡರೆ ಪ್ರಶ್ನೆ ತಾನಾಗಿ ಹೊಳೆಯುತ್ತದೆ.

ಪ್ರಶ್ನೆ ಕೇಳುವಾಗ ಮೂರು ನಿಯಮಗಳನ್ನು ಪಾಲಿಸಬೇಕು. ಪ್ರಶ್ನೆ ಒಂದೇ ಇರಲಿ. ಒಂದೆರಡು ವಾಕ್ಯಗಳಲ್ಲಿ ಮುಗಿಯಲಿ. ಅದು ಭಾಷಣದಲ್ಲಿ ನಿಜವಾಗಿ ಬಂದ ಮಾತನ್ನು ಹಿಡಿದು ಹೊರಡಲಿ. ನಿಮ್ಮ ಮಗು ಅಥವಾ ಮಗುವಿನ ಶಾಲೆ ಸ್ಪರ್ಧೆಯಲ್ಲಿದ್ದರೆ ಎದುರಾಳಿಯನ್ನು ಕಷ್ಟಕ್ಕೆ ಸಿಕ್ಕಿಸುವ ಪ್ರಶ್ನೆಯನ್ನು ಎತ್ತಬಾರದೆಂಬುದು ಶಿಷ್ಟಾಚಾರ. ಇಂಗ್ಲಿಷ್ ಉಚ್ಚಾರಣೆ ತಮ್ಮದು ಬೇರೆಯೆಂದು ಹಿಂಜರಿಯುವ ಕನ್ನಡಿಗರಿಗೆ ಇಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ: ಮೇಲೆ ಎಣಿಸಿದ ನಾಲ್ಕು ಗುಣಗಳಲ್ಲಿ ಉಚ್ಚಾರಣೆಯ ಜಾತಿಯೆಂಬುದು ಸೇರಿಲ್ಲ. ಸಭೆಗೆ ಕೇಳಿಸುವಂತೆ, ನಿಧಾನವಾಗಿ, ವಾಕ್ಯವನ್ನು ಪೂರ್ಣವಾಗಿ ಮುಗಿಸಿ ನುಡಿದರೆ ಅಷ್ಟೇ ಸಾಕು.

ಮಕ್ಕಳ ಸಭೆಗಳಲ್ಲಿ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಬಾರದು. ಇತರರ ಮಕ್ಕಳ ಚಿತ್ರವನ್ನು ಹಂಚಿಕೊಳ್ಳುವುದಂತೂ ಸಲ್ಲದು. ತೀರ್ಪು ಹೊರಬಿದ್ದ ಮೇಲೆ ಅದರೊಡನೆ ವ್ಯಾಜ್ಯ ಹೂಡುವುದು ಉಚಿತವಲ್ಲ. ‘ಮುಂದಿನ ಸಲ ಇವಳು ಯಾವುದನ್ನು ಉತ್ತಮಪಡಿಸಿಕೊಳ್ಳಬೇಕು?’ ಎಂದು ತೀರ್ಪುಗಾರರನ್ನು ಕೇಳಿದರೆ ಅವರು ಪ್ರೀತಿಯಿಂದ ಉತ್ತರಿಸುವುದೇ ರೂಢಿ.

ಮಕ್ಕಳನ್ನು ಅಣಿಗೊಳಿಸುವ ಬಗೆ

ಈ ಸ್ಪರ್ಧೆಗಳಿಗೆ ಪ್ರವೇಶ ಪಡೆಯುವುದು ಶಾಲೆಯ ತಂಡ; ಮಗುವನ್ನು ತಂದೆತಾಯಿಗಳು ನೇರವಾಗಿ ಸೇರಿಸಲು ಬರುವುದಿಲ್ಲ. ಆದುದರಿಂದ ಶಾಲೆಯ ವರ್ಷಾರಂಭದಲ್ಲಿಯೇ, ಎಂದರೆ ಸೆಪ್ಟೆಂಬರಿನಲ್ಲಿ, ಇಂಗ್ಲಿಷ್ ಉಪಾಧ್ಯಾಯರನ್ನು ಕಂಡು ಶಾಲೆಯು ತಂಡವನ್ನು ಕಳುಹಿಸುವುದೇ ಎಂದು ವಿಚಾರಿಸಬೇಕು. ವಯೋಮಿತಿ, ಕಾಲಮಿತಿ, ವಿಷಯಗಳ ಪಟ್ಟಿಗಳನ್ನು ಆಯಾ ವರ್ಷದ ನಿಯಮಪುಸ್ತಕದಿಂದಲೇ ತಿಳಿಯಬೇಕು. ಹಿಂದಿನ ವರ್ಷದ ನೆನಪನ್ನು ನಂಬಬಾರದು. ಹದಿನಾರರಿಂದ ಇಪ್ಪತ್ತರ ವಯಸ್ಸಿನವರಿಗೆ ಅಂತರರಾಷ್ಟ್ರೀಯ ಭಾಷಣಸ್ಪರ್ಧೆಯೊಂದು ಬೇರೆಯಾಗಿಯೇ ಉಂಟು. ಅನೇಕ ದೇಶಗಳಲ್ಲಿ ತಮ್ಮ ತಮ್ಮಲ್ಲಿ ಗೆದ್ದವರು ಲಂಡನ್ನಿಗೆ ಬಂದು ಸಿದ್ಧಪಡಿಸಿದ ಭಾಷಣವನ್ನೂ ಆಶುಭಾಷಣವನ್ನೂ ಮಾಡುತ್ತಾರೆ.

ಮನೆಯ ಅಭ್ಯಾಸದ ವಿಷಯದಲ್ಲಿ ಕೆಲವು ಸೂಚನೆಗಳು. ನಿಮಿಷಕ್ಕೆ 120 ಅಥವಾ 130 ಪದಗಳ ಹದವಾದ ವೇಗದಲ್ಲಿ ಐದು ನಿಮಿಷದ ಇಂಗ್ಲಿಷ್ ಭಾಷಣವೆಂದರೆ 600ರಿಂದ 650 ಪದಗಳು. ಅದರಲ್ಲಿ ಒಂದು ಮುಖ್ಯ ಅಭಿಪ್ರಾಯಕ್ಕೂ ಎರಡು ಮೂರು ಕಾರಣಗಳಿಗೂ ಮಾತ್ರ ಸ್ಥಳ. ಭಾಷಣವನ್ನು ಅಕ್ಷರಶಃ ಬರೆದು ಉರುಹೊಡೆಸಬೇಡಿರಿ. ಮಧ್ಯದಲ್ಲಿ ಒಂದು ಪದ ಮರೆತರೆ ಉರುಹೊಡೆದವನ ಕಟ್ಟಡವೆಲ್ಲ ಕುಸಿಯುತ್ತದೆ, ಕ್ರಮವನ್ನು ತಿಳಿದವನು ಇನ್ನೊಂದು ಪದವನ್ನು ಹಾಕಿ ಮುಂದೆ ಸಾಗುತ್ತಾನೆ. ಅಂಗೈಯಗಲದ ಚೀಟಿಯಲ್ಲಿ ನಾಲ್ಕೈದು ಸೂಚಕಪದಗಳಿದ್ದರೆ ಸಾಕು.

ಇದಕ್ಕಿಂತ ಮುಖ್ಯವಾದ ಅಭ್ಯಾಸವೊಂದುಂಟು, ಅದಕ್ಕೆ ಖರ್ಚಿಲ್ಲ. ರಾತ್ರಿಯ ಊಟದ ಹೊತ್ತಿನಲ್ಲಿ ಮನೆಯವರಲ್ಲೊಬ್ಬರು ಯಾವುದಾದರೊಂದು ವಿಷಯವನ್ನು ಕುರಿತು ಎರಡು ನಿಮಿಷ ಮಾತನಾಡಲಿ. ಮಗುವು ಅದನ್ನು ತನ್ನ ಮಾತಿನಲ್ಲಿ ಹಿಂದಿರುಗಿಸಿ ಹೇಳಿ, ‘ನೀವು ಹೇಳಿದುದು ಇದೇ ತಾನೆ?’ ಎಂದು ಖಚಿತಪಡಿಸಿಕೊಂಡು, ಬಳಿಕ ಒಂದು ಪ್ರಶ್ನೆ ಹಾಕಲಿ. ಮರುದಿನ ಪಾತ್ರಗಳು ಬದಲಾಗಲಿ. ಇದನ್ನು ಕನ್ನಡದಲ್ಲಿಯೇ ಮಾಡಬಹುದು, ಮಾಡುವುದು ಉತ್ತಮ; ಆಲೋಚನೆಯ ಕ್ರಮ ಒಂದು ಭಾಷೆಯಲ್ಲಿ ನೆಟ್ಟಗಾದರೆ ಇನ್ನೊಂದು ಭಾಷೆಯಲ್ಲಿ ಸೊಟ್ಟಗಾಗುವುದಿಲ್ಲ.

ಸದಸ್ಯತ್ವ, ಸೇವೆ, ದಾನ

ಎರಡು ಮೂರು ಸಭೆಗಳನ್ನು ಕಂಡು ಮನಸ್ಸು ಒಪ್ಪಿದ ಮೇಲೆ ಸದಸ್ಯರಾಗುವುದು ಉಚಿತ. ಚಂದಾ ಕೊಡುವುದು ಸದಸ್ಯತ್ವದ ಮೊದಲ ಮೆಟ್ಟಿಲು ಮಾತ್ರ. ಶಾಖೆಗಳಿಗೆ ಹಣಕ್ಕಿಂತಲೂ ಹೆಚ್ಚಾಗಿ ಬೇಕಾದುದು ಕೈಗಳು: ಗಡಿಯಾರ ಹಿಡಿದು ಕಾಲ ನೋಡುವವರು, ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸುವವರು, ಕುರ್ಚಿ ಹೊಂದಿಸುವವರು, ಶಾಲೆಗಳೊಡನೆ ಪತ್ರವ್ಯವಹಾರ ನಡೆಸುವವರು. ಕಾಲಪಾಲಕನ ಕೆಲಸದಿಂದ ಪ್ರಾರಂಭಿಸುವುದು ವಿಹಿತ. ಸಭೆಯ ಎಲ್ಲ ಅಂಗಗಳನ್ನೂ ಹತ್ತಿರದಿಂದ ನೋಡುವ ಪೀಠ ಅದು. ಅಲ್ಲಿಂದ ಮುಂದೆ ತೀರ್ಪುಗಾರಿಕೆಯ ಶಿಕ್ಷಣ ದೊರೆಯುವುದೇ ಎಂದು ಶಾಖೆಯನ್ನು ಕೇಳಿರಿ. ಒಂದು ಸಂಜೆ ಹತ್ತು ಮಕ್ಕಳ ಮಾತನ್ನು ತೂಗಿ, ಪ್ರತಿಯೊಬ್ಬರಿಗೂ ಸತ್ಯವೂ ಹಿತವೂ ಆದ ಒಂದು ಮಾತನ್ನು ಹೇಳಬೇಕಾಗಿ ಬಂದವನು ತನ್ನ ಮಾತನ್ನು ತಾನೇ ತೂಗಲು ಕಲಿಯುತ್ತಾನೆ.

ದಾನ ಮಾಡುವವರು ಬ್ರಿಟನ್ನಿನಲ್ಲಿ ಆದಾಯತೆರಿಗೆ ಕೊಡುವವರಾಗಿದ್ದರೆ ಗಿಫ್ಟ್ ಏಡ್ ಎಂಬ ಘೋಷಣಾಪತ್ರಕ್ಕೆ ಸಹಿ ಹಾಕಬೇಕು. ಆಗ ಕೊಟ್ಟ ಪ್ರತಿಯೊಂದು ಪೌಂಡಿಗೂ 25 ಪೆನ್ಸ್‌ಗಳನ್ನು ಸಂಸ್ಥೆಯು ಸರ್ಕಾರದಿಂದ ಪಡೆಯುತ್ತದೆ, ದಾನಿಗೆ ಹೆಚ್ಚಿನ ಹೊರೆಯಿಲ್ಲ. ಊಟದ ಅಥವಾ ಸಂಗೀತಸಭೆಯ ಟಿಕೇಟಿನ ಬೆಲೆಗೆ ಇದು ಅನ್ವಯಿಸುವುದಿಲ್ಲ. ಶುದ್ಧವಾದ ದಾನಕ್ಕೆ ಮಾತ್ರ ಅನ್ವಯಿಸುತ್ತದೆ.

ತಿರುಗಿ ಕನ್ನಡದ ಸಭೆಗೆ

ಪ್ರಶ್ನೆಗೆ ಅಂಜದ ಮಾತಿನ ಬೆಲೆಯನ್ನು ನಮ್ಮವರು ಅರಿಯದವರಲ್ಲ. 1897ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಲಂಡನ್ನಿನಲ್ಲಿ ವೆಲ್ಬಿ ಆಯೋಗದ ಮುಂದೆ ಭಾರತದ ಹಣಕಾಸಿನ ಅನ್ಯಾಯವನ್ನು ಕುರಿತು ಸಾಕ್ಷ್ಯ ನುಡಿದಾಗ ಅವರ ಬಲವೆಲ್ಲ ಅಂಕಿಅಂಶಗಳಲ್ಲಿಯೂ, ಆಯೋಗದವರ ಕಟ್ಟುನಿಟ್ಟಾದ ಪ್ರಶ್ನೆಗಳಿಗೆ ಶಾಂತವಾಗಿ ಕೊಟ್ಟ ಉತ್ತರಗಳಲ್ಲಿಯೂ ಇದ್ದಿತು. ಅವರ ಹೆಸರಿನಲ್ಲಿಯೇ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿ, ಅಧ್ಯಯನವಿಲ್ಲದ ಮಾತು ಸಾರ್ವಜನಿಕ ಜೀವನಕ್ಕೆ ಕೇಡೆಂಬುದನ್ನು ತಮ್ಮ ಬಾಳಿನುದ್ದಕ್ಕೂ ಆಚರಿಸಿ ತೋರಿಸಿದರು. ಗೋಖಲೆಯವರು ಸಾಕ್ಷ್ಯ ನುಡಿದ ಅದೇ ಲಂಡನ್ನಿನ ಲ್ಯಾಂಬೆತ್‌ನಲ್ಲಿ 2015ರ ನವೆಂಬರಿನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಬ್ರಿಟನ್ನಿನ ಪಾರ್ಲಿಮೆಂಟು ಅಲ್ಲಿಗೆ ದೂರವಿಲ್ಲ. ಅನುಭವಮಂಟಪದ ನೆನಪನ್ನು ಹೊತ್ತ ಆ ಮೂರ್ತಿಗೆ ಹಾರ ಹಾಕಿ ಬರುವುದು ಒಂದು ಗೌರವ. ಆಲಿಸಿ, ಪ್ರಶ್ನಿಸಿ, ಉತ್ತರಕ್ಕೆ ತಲೆಬಾಗುವ ಸಭೆಯನ್ನು ಕಟ್ಟುವುದು ಅದಕ್ಕಿಂತ ದೊಡ್ಡ ಗೌರವ.

ಆದುದರಿಂದ ಬ್ರಿಟನ್ನಿನಲ್ಲಿರುವ ಕನ್ನಡಿಗರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಈ ಚಳಿಗಾಲದಲ್ಲಿ ನಿಮ್ಮ ಸಮೀಪದ ಶಾಖೆಯ ಒಂದು ಸ್ಪರ್ಧೆಗೆ ಮಕ್ಕಳೊಡನೆ ಹೋಗಿ, ಒಂದು ಪ್ರಾಮಾಣಿಕವಾದ ಪ್ರಶ್ನೆ ಕೇಳಿ ಬನ್ನಿರಿ. ಬಳಿಕ, ಕನ್ನಡ ಬಳಗವೂ ಇತರ ಸಂಘಗಳೂ ನಡೆಸುವ ಯುಗಾದಿ ದೀಪಾವಳಿಗಳ ಸಮಾರಂಭದಲ್ಲಿ, ಹಾಡು ಕುಣಿತಗಳ ನಡುವೆ ಇಪ್ಪತ್ತು ನಿಮಿಷಗಳನ್ನು ಬೇಡಿ ಪಡೆದು, ಮೂವರು ಮಕ್ಕಳನ್ನು ಕನ್ನಡದಲ್ಲಿ ಅದೇ ರೀತಿ ಕೂರಿಸಿರಿ: ಒಬ್ಬರು ನುಡಿಯಲಿ, ಒಬ್ಬರು ಕೇಳಲಿ, ಒಬ್ಬರು ಸಭೆಯನ್ನು ನಡೆಸಲಿ. ಒಂದು ಮೇಜು, ಮೂರು ಕುರ್ಚಿ, ಒಂದು ಗಡಿಯಾರ: ಬೇಕಾದ ಸಾಮಗ್ರಿ ಅಷ್ಟೇ.